ವಿದ್ಯೆಯ ಫಲಕ್ಕೆ ಪಾಲುದಾರರು ಯಾರು?

ಕೆಲವು ದಿನಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬನು ತನ್ನ ತಂದೆಯೊಡನೆ ನಮ್ಮ ಮನೆಗೆ ಬಂದಿದ್ದನು. ಬಾಲ್ಯದಲ್ಲಿ ಶಬ್ದರೂಪಗಳನ್ನು ಒಪ್ಪಿಸಲು ತಡವರಿಸುತ್ತಿದ್ದ ಈ ಹುಡುಗನು ಈಗ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡತಕ್ಕ ವಿದ್ವಾಂಸನಾಗಿ ಒಂದು ದೊಡ್ಡ ವಿದ್ಯಾಸಂಸ್ಥೆಗೆ ಸೇರಿದ್ದಾನೆ. ಸೇರುವಾಗ ಸಂಸ್ಥೆಯವರು ಒಂದು ಕಾಗದವನ್ನು ಕೊಟ್ಟು ರುಜು ಮಾಡಬೇಕೆಂದು ಹೇಳಿದರಂತೆ. ಸೇವೆಯಲ್ಲಿರುವಷ್ಟು ಕಾಲ ಅವನು ಕಂಡುಹಿಡಿಯುವ ಹೊಸ ಸಾಧನಗಳ ಹಕ್ಕು ಸಂಸ್ಥೆಗೆ ಸೇರತಕ್ಕದ್ದೆಂದೂ, ಅದರಿಂದ ಹಣ ಬಂದಲ್ಲಿ ಅವನಿಗೆ ಇಂತಿಷ್ಟು ಪಾಲೆಂದೂ ಅದರಲ್ಲಿ ಬರೆದಿತ್ತು. ತಂದೆಗೆ ಈ ಕಾಗದವೇ ಹಿಡಿಸಲಿಲ್ಲ. "ವಿದ್ಯೆಯನ್ನು ಮಾರುವುದುಂಟೆ, ಮೇಷ್ಟರೇ? ಕಲಿತದ್ದನ್ನು ಹತ್ತು ಜನಕ್ಕೆ ಹಂಚಬೇಕೆಂದು ನೀವೇ ಹೇಳಿಕೊಟ್ಟಿರಿ" ಎಂದು ಆತ ಕೇಳಿದರು. ಮಗನ ಆಕ್ಷೇಪ ಬೇರೆಯದು. "ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿಯುವವನು ನಾನು. ಹಕ್ಕು ಮಾತ್ರ ಸಂಸ್ಥೆಗೆ ಏಕೆ ಹೋಗಬೇಕು?" ಎಂದು ಅವನ ಪ್ರಶ್ನೆ. ಇಬ್ಬರ ಮಾತಿನಲ್ಲಿಯೂ ನ್ಯಾಯವುಂಟೆಂದು ತೋರಿದ್ದರಿಂದ ನಾನು ಆ ದಿನ ಉತ್ತರ ಕೊಡಲಾರದೆ ಹೋದೆನು. ಆಮೇಲೆ ಓದಿ ತಿಳಿದುಕೊಂಡದ್ದನ್ನು, ಮಕ್ಕಳನ್ನು ಉಚ್ಚ ವಿದ್ಯೆಗೆ ಕಳುಹಿಸಿರುವ ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ನಿರೂಪಿಸಿರುವೆನು.

ಮೊದಲು ಪೇಟೆಂಟು ಎಂದರೇನೆಂಬುದನ್ನು ತಿಳಿಯಬೇಕು. ಹೊಸ ಯಂತ್ರವನ್ನಾಗಲಿ, ಔಷಧವನ್ನಾಗಲಿ, ಅದನ್ನು ಮಾಡುವ ಹೊಸ ಕ್ರಮವನ್ನಾಗಲಿ ಕಂಡುಹಿಡಿದವನು ಅದರ ಗುಟ್ಟನ್ನು ಬಿಚ್ಚಿ ಸರ್ಕಾರಕ್ಕೆ ಬರೆದುಕೊಟ್ಟರೆ, ಆತನ ಅಪ್ಪಣೆಯಿಲ್ಲದೆ ಮತ್ತಾರೂ ಅದನ್ನು ಮಾಡಿ ಮಾರಕೂಡದೆಂದು ಸರ್ಕಾರವು ಕೆಲವು ಕಾಲದ ಮಟ್ಟಿಗೆ ಕೊಡುವ ಅಧಿಕಾರವೇ ಪೇಟೆಂಟು. ನಮ್ಮ ದೇಶದಲ್ಲಿ ಈಗ ಈ ಅವಧಿಯು ೨೦ ವರ್ಷಗಳು. ಅವಧಿ ಮುಗಿದೊಡನೆ ಅದು ಸರ್ವರ ಸೊತ್ತಾಗುತ್ತದೆ. ಹಿಂದೆ ಕುಶಲಿಗಳು ತಮ್ಮ ಕೈಗುಟ್ಟನ್ನು ಮಗನಿಗೆ ಮಾತ್ರ ಹೇಳಿಕೊಡುತ್ತಿದ್ದರು. ಮಗನಿಲ್ಲದಿದ್ದರೆ ಗುಟ್ಟು ಚಿತೆಯ ಮೇಲೆ ಅವರೊಡನೆಯೇ ಬೂದಿಯಾಗುತ್ತಿತ್ತು. ಈ ನಷ್ಟವನ್ನು ತಪ್ಪಿಸುವುದೇ ಪೇಟೆಂಟಿನ ಮೂಲೋದ್ದೇಶ. ಹಕ್ಕುಳ್ಳವನು ಮತ್ತೊಬ್ಬ ತಯಾರಕನಿಗೆ ಕೊಡುವ ಅಪ್ಪಣೆಗೆ ಲೈಸೆನ್ಸೆಂದೂ, ಆ ತಯಾರಕನು ಮಾರಾಟದ ಮೇಲೆ ಸಲ್ಲಿಸುವ ಪಾಲಿಗೆ ರಾಯಲ್ಟಿಯೆಂದೂ ಹೆಸರು.

ತನ್ನ ಮನೆಯ ಹಿತ್ತಲಿನಲ್ಲಿ ಸ್ವಂತ ಹಣದಿಂದ ಯಂತ್ರ ಕಟ್ಟಿದವನ ವಿಷಯದಲ್ಲಿ ಯಾವ ತೊಡಕೂ ಇಲ್ಲ. ವಿಶ್ವವಿದ್ಯಾನಿಲಯದ ಉಪಾಧ್ಯಾಯನ ಸಂಗತಿ ಹಾಗಲ್ಲ. ಬುದ್ಧಿ ಅವನದು, ಪ್ರಯೋಗಶಾಲೆ, ಉಪಕರಣ, ಸಂಬಳ ಸಂಸ್ಥೆಯವು, ಸಂಸ್ಥೆಗೆ ಬಂದ ಹಣವೋ ಬಹುಮಟ್ಟಿಗೆ ಪ್ರಜೆಗಳು ತೆತ್ತ ತೆರಿಗೆ. ಹೀಗೆ ಒಂದೇ ಫಲಕ್ಕೆ ಮೂವರು ಪಾಲುದಾರರು ಏರ್ಪಡುತ್ತಾರೆ. ಇವರಲ್ಲಿ ಮೊದಲಿಬ್ಬರು ಎದುರೆದುರು ಕುಳಿತು ಕರಾರು ಮಾಡಿಕೊಳ್ಳಬಲ್ಲರು. ಮೂರನೆಯವನಾದ ಪ್ರಜೆಗೆ ಅಲ್ಲಿ ಆಸನವಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ವಿದ್ಯಾವಿಕ್ರಯವು ಹೀನವೆಂಬ ಭಾವನೆ ನಮ್ಮಲ್ಲಿ ಬಹು ಪ್ರಾಚೀನವಾದುದು. ಕೂಲಿ ಗೊತ್ತುಮಾಡಿಕೊಂಡು ವೇದ ಹೇಳಿಕೊಡುವವನನ್ನು ಸ್ಮೃತಿಕಾರರು ಶ್ರಾದ್ಧದ ಪಂಕ್ತಿಯಿಂದಲೇ ಹೊರಗಿಟ್ಟರು. ಆ ಭಾವನೆಯು ನಮ್ಮ ಆಧುನಿಕ ವಿಜ್ಞಾನಿಗಳಲ್ಲಿಯೂ ಉಳಿದಿತ್ತೆಂಬುದಕ್ಕೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸರೇ ಸಾಕ್ಷಿ. ೧೯೦೧ರಲ್ಲಿ ಅವರು ಲಂಡನ್ನಿನಲ್ಲಿದ್ದಾಗ ತಂತಿವಾರ್ತೆಯ ಕಂಪೆನಿಯೊಂದರ ಒಡೆಯನು ಪೇಟೆಂಟಿನ ಅರ್ಜಿಯನ್ನೇ ಕೈಯಲ್ಲಿ ಹಿಡಿದು ಬಂದು, ಲಾಭದಲ್ಲಿ ಪಾಲು ಕೊಡುವೆನೆಂದು ಆಸೆ ತೋರಿಸಿದಾಗ, ಬೋಸರು ಒಪ್ಪಲಿಲ್ಲ. ಈ ಹಣದ ಹಂಬಲದ ವಿಷಯವನ್ನು ಕವಿ ರವೀಂದ್ರರಿಗೆ ಬೇಸರದಿಂದ ಬರೆದು ತಿಳಿಸಿದರು. ತರುವಾಯ ಸ್ನೇಹಿತರ ಒತ್ತಾಯಕ್ಕೆ ಮಣಿದು ನಿಸ್ತಂತು ಅಲೆಗಳನ್ನು ಗ್ರಹಿಸುವ ತಮ್ಮ ಸಾಧನಕ್ಕೆ ಅಮೆರಿಕದಲ್ಲಿ ಅರ್ಜಿ ಹಾಕಿ ೧೯೦೪ರಲ್ಲಿ ಪೇಟೆಂಟು ಪಡೆದರಾದರೂ, ಅದರಿಂದ ಹಣ ಗಳಿಸುವ ಪ್ರಯತ್ನವನ್ನು ಮಾಡಲಿಲ್ಲ. ಶಿಷ್ಯನ ತಂದೆಯ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಆಧಾರವು ಬೇಕಿಲ್ಲ.

ಆದರೆ ಹಕ್ಕನ್ನು ಯಾರೂ ಹಿಡಿಯದೆ ಬೀದಿಯಲ್ಲಿ ಬಿಟ್ಟರೆ ಅದು ತಾನಾಗಿಯೇ ಬಡವನ ಮನೆಗೆ ನಡೆದುಹೋಗುತ್ತದೆಯೆ? ಈ ಪ್ರಶ್ನೆಯನ್ನು ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾನಿಲಯದವರು ಎದುರಿಸಬೇಕಾಯಿತು. ಮಧುಮೇಹಕ್ಕೆ ಮದ್ದಾದ ಇನ್ಸುಲಿನ್ನನ್ನು ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್, ಜೇಮ್ಸ್ ಕಾಲಿಪ್ ಎಂಬುವರು ಪ್ರೊಫೆಸರ್ ಮಕ್ಲಿಯಡರ ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದರು. ೧೯೨೨ರ ಜನವರಿಯಲ್ಲಿ ಸಾವಿನ ಅಂಚಿನಲ್ಲಿದ್ದ ೧೪ ವರ್ಷದ ಬಾಲಕನೊಬ್ಬನಿಗೆ ಅದನ್ನು ಚುಚ್ಚಿದರು, ಬಾಲಕನು ಚೇತರಿಸಿಕೊಂಡನು. ಇಂಥ ಸಂಜೀವಿನಿಯನ್ನು ಪೇಟೆಂಟು ಮಾಡುವುದು ವೈದ್ಯಧರ್ಮಕ್ಕೆ ಒಪ್ಪದೆಂಬ ಸಂಕೋಚವು ಅವರಲ್ಲಿಯೂ ಇತ್ತು. ಆದರೂ ಪೇಟೆಂಟು ಮಾಡಲೇಬೇಕಾಯಿತು. ಏಕೆಂದರೆ ತಾವು ಸುಮ್ಮನಿದ್ದರೆ ಬೇರೊಬ್ಬನು ಅದನ್ನೇ ತನ್ನ ಹೆಸರಿನಲ್ಲಿ ಪಡೆದು ಎಲ್ಲರಿಗೂ ಬಾಗಿಲು ಮುಚ್ಚಬಹುದಾಗಿತ್ತು. ಅಲ್ಲದೆ ಕಲಬೆರಕೆ ಮದ್ದು ಮಾಡಿ ಮಾರುವವರನ್ನು ತಡೆಯಲು ಕೈಯಲ್ಲಿ ಅಧಿಕಾರ ಬೇಕಿತ್ತು. ಆದಕಾರಣ ೧೯೨೩ರ ಜನವರಿಯಲ್ಲಿ ಆ ಮೂವರೂ ತಲಾ ಒಂದೊಂದು ಡಾಲರನ್ನು ಮಾತ್ರ ಪಡೆದು ಹಕ್ಕನ್ನು ವಿಶ್ವವಿದ್ಯಾನಿಲಯಕ್ಕೆ ಬರೆದುಕೊಟ್ಟರು. ವಿಶ್ವವಿದ್ಯಾನಿಲಯವು ಒಂದು ಮಂಡಲಿಯನ್ನು ನೇಮಿಸಿ, ಲೈಸೆನ್ಸು ಪಡೆದ ತಯಾರಕರ ಮದ್ದಿನ ಶುದ್ಧತೆಯನ್ನೂ ಶಕ್ತಿಯನ್ನೂ ಪರೀಕ್ಷಿಸುವ ಭಾರವನ್ನು ವಹಿಸಿಕೊಂಡಿತು. ಹಕ್ಕನ್ನು ಹಿಡಿಯುವುದು ಬೇರೆ, ಅದನ್ನು ಲೋಭಕ್ಕೆ ಉಪಯೋಗಿಸುವುದು ಬೇರೆ ಎಂಬುದು ಈ ದೃಷ್ಟಾಂತದಿಂದ ಸ್ಪಷ್ಟವಾಗುತ್ತದೆ. ಕೀಲಿಕೈ ಕಳ್ಳನಲ್ಲಿಯೂ ಇರಬಹುದು, ಕಾವಲುಗಾರನಲ್ಲಿಯೂ ಇರಬಹುದು.

ಇದೇ ಕಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಸಂಗತಿಯು ಇನ್ನೂ ವಿಚಾರಯೋಗ್ಯವಾದುದು. ವಿಶ್ವವಿದ್ಯಾನಿಲಯಗಳು ಪೇಟೆಂಟುಗಳನ್ನು ಕ್ರಮವಾಗಿ ನಿರ್ವಹಿಸುವ ಪದ್ಧತಿಗೆ ಅಲ್ಲಿಯ ಏರ್ಪಾಡೇ ಮೇಲ್ಪಂಕ್ತಿಯಾಯಿತು. ಅಲ್ಲಿ ಹ್ಯಾರಿ ಸ್ಟೀನ್‌ಬಾಕ್ ಎಂಬ ಪ್ರೊಫೆಸರರು ಆಹಾರಶಾಸ್ತ್ರವನ್ನು ವ್ಯಾಸಂಗ ಮಾಡುತ್ತಿದ್ದರು. ಬಿಸಿಲು ಕಡಮೆಯಾದ ಉತ್ತರದೇಶಗಳ ನಗರಗಳಲ್ಲಿ, ಹೊಗೆ ಮುಚ್ಚಿದ ಓಣಿಗಳಲ್ಲಿ ಬೆಳೆದ ಬಡಮಕ್ಕಳಿಗೆ ರಿಕೆಟ್ಸ್ ಎಂಬ ರೋಗ ತಗಲುತ್ತಿತ್ತು. ಮೂಳೆಗಳು ಗಟ್ಟಿಯಾಗದೆ ಮಗುವಿನ ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದವು. ಡಿ ಜೀವಸತ್ವದ ಕೊರತೆಯೇ ಇದಕ್ಕೆ ಕಾರಣ. ಆಹಾರಪದಾರ್ಥಗಳ ಮೇಲೆ ನೇರಳಾತೀತ ಕಿರಣಗಳನ್ನು ಬಿಟ್ಟರೆ ಅವುಗಳಲ್ಲಿಯೇ ಆ ಜೀವಸತ್ವವು ಹುಟ್ಟುವುದೆಂದು ಸ್ಟೀನ್‌ಬಾಕರು ಕಂಡುಹಿಡಿದು ೧೯೨೪ರಲ್ಲಿ ಪ್ರಕಟಿಸಿದರು.

ಅವರಿಗಿಂತ ಹಿರಿಯರಾದ ಸ್ಟೀಫನ್ ಬ್ಯಾಬ್‌ಕಾಕರು ಅದೇ ವಿಶ್ವವಿದ್ಯಾನಿಲಯದಲ್ಲಿ ೧೮೯೦ರಲ್ಲಿ ಹಾಲಿನ ಕೊಬ್ಬನ್ನು ಅಳೆಯುವ ಸುಲಭೋಪಾಯವನ್ನು ಕಂಡುಹಿಡಿದು, ಪೇಟೆಂಟು ಮಾಡದೆ ಲೋಕಕ್ಕೆ ಬಿಟ್ಟುಕೊಟ್ಟಿದ್ದರು. ಗೊಲ್ಲನು ಹಾಲಿಗೆ ಎಷ್ಟು ನೀರು ಬೆರೆಸಿದನೆಂಬುದು ಇದರಿಂದ ಬಯಲಾಗುತ್ತಿದ್ದುದರಿಂದ ರೈತರಿಗೂ ಕೊಳ್ಳುವವರಿಗೂ ಮಹೋಪಕಾರವಾಯಿತು. ಆದರೆ ಯಾರ ಅಂಕೆಯೂ ಇಲ್ಲದ್ದರಿಂದ ಕೆಲವರು ಕೆಟ್ಟ ಉಪಕರಣಗಳನ್ನು ಮಾಡಿ ಮಾರಿದ್ದೂ ಉಂಟು. ಸ್ಟೀನ್‌ಬಾಕರು ಇದನ್ನು ಬಲ್ಲವರಾಗಿದ್ದರು. ತಮ್ಮ ಕೈಯಿಂದಲೇ ಸುಮಾರು ೩೦೦ ಡಾಲರು ವೆಚ್ಚ ಮಾಡಿ ಅವರು ಪೇಟೆಂಟಿಗೆ ಅರ್ಜಿ ಹಾಕಿದರು. ಓಟ್ಸ್ ಧಾನ್ಯದ ದೊಡ್ಡ ವ್ಯಾಪಾರಿಗಳಾದ ಕ್ವೇಕರ್ ಕಂಪೆನಿಯವರು ಹತ್ತು ಲಕ್ಷ ಡಾಲರುಗಳಷ್ಟು ಹಣ ಕೊಡಲು ಮುಂದೆ ಬಂದರೆಂದು ಪ್ರಸಿದ್ಧಿ. ಅದನ್ನು ತೆಗೆದುಕೊಂಡಿದ್ದರೆ ಒಬ್ಬ ವರ್ತಕನ ಧಾನ್ಯದಲ್ಲಿ ಮಾತ್ರ ಜೀವಸತ್ವವು ಇರುತ್ತಿತ್ತು. ಪ್ರೊಫೆಸರರು ಹಕ್ಕನ್ನು ವಿಶ್ವವಿದ್ಯಾನಿಲಯದ ಹಿತಕ್ಕಾಗಿ ಕೊಡಬಯಸಿದರು.

ಆದರೆ ಪಾಠ ಹೇಳತಕ್ಕ ಸಂಸ್ಥೆಯು ವ್ಯಾಪಾರಿಗಳೊಡನೆ ಚೌಕಾಸಿ ಮಾಡುವುದು, ಕೋರ್ಟು ಹತ್ತುವುದು ಇವೆಲ್ಲ ಸಲ್ಲುವುದೆ ಎಂಬ ಶಂಕೆ ಹುಟ್ಟಿತು. ಆಗ ಒಂದು ಜಾಣ್ಮೆಯ ಉಪಾಯವನ್ನು ಹೂಡಿದರು. ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಗಳು ಕೆಲವರು ತಲಾ ನೂರು ಡಾಲರು ಹಾಕಿ ೧೯೨೫ರಲ್ಲಿ ಬೇರೆಯಾದ ಒಂದು ಸಂಶೋಧನ ನಿಧಿಯನ್ನು ಸ್ಥಾಪಿಸಿದರು. ಪೇಟೆಂಟನ್ನು ಹಿಡಿಯುವುದು, ಲೈಸೆನ್ಸು ಕೊಡುವುದು, ರಾಯಲ್ಟಿ ವಸೂಲು ಮಾಡುವುದು ನಿಧಿಯ ಕೆಲಸ. ಉಳಿದ ಹಣವನ್ನು ಮುಂದಿನ ಸಂಶೋಧನೆಗೆಂದು ವಿಶ್ವವಿದ್ಯಾನಿಲಯಕ್ಕೆ ದಾನವಾಗಿ ಒಪ್ಪಿಸುವುದು ಅದರ ಧರ್ಮ. ಸ್ಟೀನ್‌ಬಾಕರಿಗೆ ನಿವ್ವಳ ರಾಯಲ್ಟಿಯಲ್ಲಿ ನೂರಕ್ಕೆ ೧೫ರಂತೆ ಪಾಲು ಗೊತ್ತಾಯಿತು. ನಮ್ಮ ಧರ್ಮಶಾಸ್ತ್ರಗಳಲ್ಲಿ ರೈತನ ಬೆಳೆಯಲ್ಲಿ ರಾಜನಿಗೆ ಆರರಲ್ಲಿ ಒಂದು ಪಾಲೆಂದು ಹೇಳಿದೆಯಷ್ಟೆ. ಇಲ್ಲಿ ಅದು ತಿರುಗುಮುರುಗಾಗಿ, ಬೆಳೆದವನಿಗೆ ಆರನೆಯ ಪಾಲಿಗಿಂತ ಕೊಂಚ ಕಡಮೆ ಸಿಕ್ಕಿ, ಉಳಿದದ್ದೆಲ್ಲ ಮುಂದಿನ ಬಿತ್ತನೆಯ ಬೀಜಕ್ಕೆಂದು ಕಣಜಕ್ಕೆ ಹೋಯಿತು. ಆ ಬೀಜವು ವ್ಯರ್ಥವಾಗಲಿಲ್ಲ. ಅದೇ ನಿಧಿಯ ಬೆಂಬಲದಿಂದ ನಡೆದ ಸಂಶೋಧನೆಯಿಂದ ಮುಂದೆ ಹುಟ್ಟಿದ ಔಷಧವೊಂದಕ್ಕೆ ನಿಧಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ವಾರ್ಫರಿನ್ ಎಂದು ಹೆಸರಿಟ್ಟರು. ಹೃದ್ರೋಗಿಗಳಿರುವ ಮನೆಗಳಲ್ಲಿ ರಕ್ತವು ಹೆಪ್ಪುಗಟ್ಟದಂತೆ ನುಂಗುವ ಈ ಮಾತ್ರೆಯನ್ನು ವಾಚಕರಲ್ಲಿ ಹಲವರು ಕಂಡಿರಬಹುದು.

ಇಷ್ಟೇ ಆಗಿದ್ದರೆ ಇದು ಮಕ್ಕಳ ಪಾಠಪುಸ್ತಕಕ್ಕೆ ತಕ್ಕ ಕಥೆಯಾಗುತ್ತಿತ್ತು. ಆದರೆ ಇದಕ್ಕೊಂದು ಕಪ್ಪು ಚುಕ್ಕೆಯೂ ಉಂಟು. ಮಾರ್ಗರೀನ್ ಎಂಬ ಕೃತಕ ಬೆಣ್ಣೆಯನ್ನು ಬಡವರು ಅಗ್ಗವಾದ್ದರಿಂದ ಕೊಳ್ಳುತ್ತಿದ್ದರು. ಅದಕ್ಕೆ ಡಿ ಜೀವಸತ್ವವನ್ನು ಸೇರಿಸಲು ನಿಧಿಯವರು ಲೈಸೆನ್ಸು ಕೊಡಲಿಲ್ಲ. ವಿಸ್ಕಾನ್ಸಿನ್ ಹೈನುಗಾರಿಕೆಯ ಸೀಮೆ. ಅಲ್ಲಿನ ನಿಜವಾದ ಬೆಣ್ಣೆಗೆ ಪೈಪೋಟಿ ಬರಬಾರದೆಂಬುದೇ ಕಾರಣ. ಕಾಲು ಬಾಗುತ್ತಿದ್ದುದು ಬಡವನ ಮಗುವಿಗೆ. ಆ ಮಗು ತಿನ್ನುತ್ತಿದ್ದುದು ಮಾರ್ಗರೀನ್. ಮದ್ದು ಸೇರದೆ ಉಳಿದದ್ದೂ ಮಾರ್ಗರೀನಿಗೇ! ಕಡೆಗೆ ಈ ಪೇಟೆಂಟುಗಳ ವ್ಯಾಜ್ಯವು ಕ್ಯಾಲಿಫೋರ್ನಿಯಾ ಪ್ರಾಂತದ ಮೇಲ್ಮನವಿಯ ನ್ಯಾಯಾಲಯಕ್ಕೆ ಹೋದಾಗ, ಬಡವರ ಬೆಣ್ಣೆಗೆ ಮಾತ್ರ ಬಾಗಿಲು ಮುಚ್ಚಿದ್ದು ಲೋಕಹಿತಕ್ಕೆ ವಿರುದ್ಧವಲ್ಲವೆ ಎಂಬ ಪ್ರಶ್ನೆಯನ್ನು ನ್ಯಾಯಾಧೀಶರು ಎತ್ತಿದರು. ರೈತನು ಮೇವನ್ನು ಬಿಸಿಲಿನಲ್ಲಿ ಒಣಗಿಸುವಾಗ ಸೂರ್ಯನು ಮಾಡುತ್ತ ಬಂದಿರುವ ಕೆಲಸವೇ ಇದೆಂಬ ವಾದವೂ ಅಲ್ಲಿ ಬಂದಿತು. ೧೯೪೪ರಲ್ಲಿ ಆ ನ್ಯಾಯಾಲಯವು ಪೇಟೆಂಟುಗಳನ್ನು ಅಸಿಂಧುವೆಂದು ತೀರ್ಮಾನಿಸಿತು. ಪ್ರೊಫೆಸರರ ಪಾಲು ಸರಿಯಾಗಿತ್ತು. ಸಂಸ್ಥೆಯ ಪಾಲೂ ಸರಿಯಾಗಿತ್ತು. ಕರಾರಿನಲ್ಲಿ ಹೆಸರಿಲ್ಲದ ಮೂರನೆಯವನ ಪಾಲು ಮಾತ್ರ ಮರೆತುಹೋಗಿತ್ತು.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಸರ್ಕಾರವು ವಿಶ್ವವಿದ್ಯಾನಿಲಯಗಳ ಸಂಶೋಧನೆಗೆ ಹಣವನ್ನು ಹೇರಳವಾಗಿ ಕೊಡತೊಡಗಿತು. ಹಣ ಕೊಟ್ಟದ್ದರಿಂದ ಪೇಟೆಂಟುಗಳನ್ನು ಬಹುಪಾಲು ಸರ್ಕಾರವೇ ಇಟ್ಟುಕೊಂಡಿತು. ೧೯೮೦ರ ಸುಮಾರಿಗೆ ಸರ್ಕಾರದ ಕೈಯಲ್ಲಿ ಸುಮಾರು ೨೮,೦೦೦ ಪೇಟೆಂಟುಗಳಿದ್ದು, ನೂರಕ್ಕೆ ಐದು ಕೂಡ ತಯಾರಕರ ಕೈಗೆ ಹೋಗಿರಲಿಲ್ಲವೆಂದು ಲೆಕ್ಕ. ಎಲ್ಲರ ಸೊತ್ತು ಯಾರ ಸೊತ್ತೂ ಅಲ್ಲವೆಂಬಂತಾಗಿತ್ತು. ಬರ್ಚ್ ಬೇ, ರಾಬರ್ಟ್ ಡೋಲ್ ಎಂಬ ಇಬ್ಬರು ಸೆನೆಟರುಗಳ ಪ್ರಯತ್ನದಿಂದ ೧೯೮೦ರ ಡಿಸೆಂಬರಿನಲ್ಲಿ ಹೊಸ ಶಾಸನವು ಬಂದಿತು. ಅದರಂತೆ ಸರ್ಕಾರದ ಹಣದಿಂದ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾನಿಲಯವೇ ಇಟ್ಟುಕೊಳ್ಳಬಹುದು. ಆದರೆ ರಾಯಲ್ಟಿಯಲ್ಲಿ ಕಂಡುಹಿಡಿದವನಿಗೆ ಪಾಲು ಕೊಡಲೇಬೇಕು. ವೆಚ್ಚ ಕಳೆದು ಉಳಿದುದನ್ನು ಸಂಶೋಧನೆಗೂ ವಿದ್ಯಾಭ್ಯಾಸಕ್ಕೂ ವಿನಿಯೋಗಿಸಬೇಕು. ಪಾಲು ಎಷ್ಟೆಂಬುದನ್ನು ಶಾಸನವು ಹೇಳದೆ ಆಯಾ ಸಂಸ್ಥೆಗೆ ಬಿಟ್ಟಿತು.

ಈ ಶಾಸನಕ್ಕೆ ಮುಂಚೆಯೇ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆಂದು ಒಂದು ಕಚೇರಿಯಿತ್ತು. ಅದರ ಮುಖ್ಯಸ್ಥರಾದ ನೀಲ್ಸ್ ರೈಮರ್ಸ್ ೧೯೭೪ರ ಮೇ ತಿಂಗಳಲ್ಲಿ ವೃತ್ತಪತ್ರಿಕೆಯಲ್ಲಿ ಒಂದು ವಾರ್ತೆಯನ್ನು ಓದಿದರು. ತಮ್ಮಲ್ಲಿಯ ಪ್ರೊಫೆಸರ್ ಸ್ಟ್ಯಾನ್ಲಿ ಕೋಹೆನರೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹರ್ಬರ್ಟ್ ಬೋಯರರೂ ಸೇರಿ ಒಂದು ಜೀವಿಯ ವಂಶವಾಹಿಯನ್ನು ಮತ್ತೊಂದಕ್ಕೆ ಕಸಿ ಮಾಡುವ ಕ್ರಮವನ್ನು ಕಂಡುಹಿಡಿದಿದ್ದರೆಂಬುದು ಆ ವಾರ್ತೆ. ವಿಷಯವು ೧೯೭೩ರ ನವೆಂಬರಿನಲ್ಲಿಯೇ ಪ್ರಕಟವಾಗಿತ್ತು. ಪ್ರಕಟವಾದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಅಮೆರಿಕದಲ್ಲಿ ಹಕ್ಕು ನಷ್ಟವಾಗುತ್ತದೆ. ಪೇಟೆಂಟಿಗೆ ಕೋಹೆನರ ಮನಸ್ಸು ಮೊದಲು ಒಪ್ಪಲಿಲ್ಲ. ಅವರನ್ನು ಒಪ್ಪಿಸಿ, ಗಡುವಿಗೆ ಒಂದೇ ವಾರವಿದೆಯೆನ್ನುವಾಗ ೧೯೭೪ರ ನವೆಂಬರ್ ೪ರಂದು ಅರ್ಜಿ ಸಲ್ಲಿಸಿದರು. ಪ್ರಕಟಣೆಗೆ ಮುಂಚೆ ಅರ್ಜಿ ಹಾಕಿರದ್ದರಿಂದ ಹೊರದೇಶಗಳ ಹಕ್ಕು ಮಾತ್ರ ತಪ್ಪಿಹೋಯಿತು. ಈ ಕ್ರಮವನ್ನು ಒಬ್ಬ ವರ್ತಕನಿಗೆ ಗುತ್ತಿಗೆ ಕೊಡದೆ, ವರ್ಷಕ್ಕೆ ೧೦,೦೦೦ ಡಾಲರು ಸಲ್ಲಿಸಿದ ಯಾರಿಗಾದರೂ ಲೈಸೆನ್ಸು ಕೊಡುವುದಾಗಿ ಸಾರಿದರು. ಲಾಭಾಪೇಕ್ಷೆಯಿಲ್ಲದ ಸಂಶೋಧಕರಿಂದ ಹಣವನ್ನೇ ಕೇಳಲಿಲ್ಲ. ೧೯೯೭ರಲ್ಲಿ ಅವಧಿ ಮುಗಿಯುವ ವೇಳೆಗೆ ೪೬೮ ಕಂಪೆನಿಗಳು ಲೈಸೆನ್ಸು ಪಡೆದಿದ್ದು, ಎರಡು ವಿಶ್ವವಿದ್ಯಾನಿಲಯಗಳಿಗೂ ಸೇರಿ ಸುಮಾರು ೨೫ ಕೋಟಿ ೫೦ ಲಕ್ಷ ಡಾಲರು ಬಂದಿತ್ತು. ಒಬ್ಬನಿಂದ ಬಹಳ ಕೀಳುವುದಕ್ಕೆ ಬದಲಾಗಿ ಬಹಳ ಜನರಿಂದ ಸ್ವಲ್ಪ ಸ್ವಲ್ಪ ಪಡೆಯುವುದು, ಮಾಲೆಗಾರನು ಗಿಡಕ್ಕೆ ನೋವಾಗದಂತೆ ಹೂ ಬಿಡಿಸಿದಂತೆ, ಧರ್ಮಕ್ಕೂ ಲಾಭಕ್ಕೂ ಹೊಂದಿತು.

ಇನ್ನು ಪಾಲಿನ ಲೆಕ್ಕ. ಸ್ಟ್ಯಾನ್‌ಫರ್ಡಿನ ಪದ್ಧತಿಯಂತೆ ಬಂದ ಹಣದಲ್ಲಿ ಮೊದಲು ಕಚೇರಿಯ ಖರ್ಚಿಗೆಂದು ನೂರಕ್ಕೆ ೧೫ರಂತೆ ತೆಗೆಯುತ್ತಾರೆ. ಅನಂತರ ವಕೀಲರು ಮತ್ತು ಅರ್ಜಿಯ ವೆಚ್ಚ. ಉಳಿದದ್ದನ್ನು ಮೂರು ಸಮಭಾಗ ಮಾಡಿ, ಕಂಡುಹಿಡಿದವನಿಗೆ ಒಂದು, ಅವನ ಶಾಖೆಗೆ ಒಂದು, ಆ ಶಾಖೆಯನ್ನೊಳಗೊಂಡ ಮಹಾಪಾಠಶಾಲೆಗೆ ಒಂದು ಎಂದು ಹಂಚುತ್ತಾರೆ. ಒಂದು ಲಕ್ಷ ಬಂದಿತೆಂದು ಇಟ್ಟುಕೊಳ್ಳೋಣ. ೧೫,೦೦೦ ಕಚೇರಿಗೆ ಹೋಗಿ, ವೆಚ್ಚವು ೧೦,೦೦೦ ಆದರೆ, ಉಳಿದ ೭೫,೦೦೦ದಲ್ಲಿ ಕಂಡುಹಿಡಿದವನಿಗೆ ೨೫,೦೦೦ ದೊರೆಯುವುದು. ವಿಸ್ಕಾನ್ಸಿನ್ನಿನ ನಿಧಿಯಲ್ಲಿ ಈಗ ಬೇರೆ ಕ್ರಮವಿದೆ. ಅಲ್ಲಿ ವೆಚ್ಚವನ್ನು ಕಳೆಯುವುದಕ್ಕೆ ಮುಂಚೆಯೇ ಒಟ್ಟು ಹಣದಲ್ಲಿ ನೂರಕ್ಕೆ ೨೦ರಂತೆ ಕೊಡುತ್ತಾರೆ. ಅಂದರೆ ಲಕ್ಷಕ್ಕೆ ೨೦,೦೦೦ ನಿಶ್ಚಿತ. ವ್ಯಾಜ್ಯ ಹತ್ತಿ ವೆಚ್ಚವು ೭೦,೦೦೦ಕ್ಕೆ ಏರಿದರೆ ಮೊದಲನೆಯ ಕ್ರಮದಲ್ಲಿ ೫,೦೦೦ ಮಾತ್ರ ದಕ್ಕುವುದು. ಎರಡನೆಯದರಲ್ಲಿ ಆಗಲೂ ೨೦,೦೦೦ವೇ. ಆದಕಾರಣ ಕಾಗದಕ್ಕೆ ರುಜು ಹಾಕುವವನು ನೂರಕ್ಕೆ ಎಷ್ಟು ಎಂಬುದನ್ನು ನೋಡಿದರೆ ಸಾಲದು, ಯಾವ ನೂರಕ್ಕೆ ಎಂಬುದನ್ನೂ ಕೇಳಬೇಕು. ಜರ್ಮನಿಯಲ್ಲಿ ೨೦೦೨ರವರೆಗೆ ಪ್ರೊಫೆಸರರು ಕಂಡುಹಿಡಿದದ್ದು ಅವರ ಸ್ವಂತದ್ದೇ ಆಗಿದ್ದಿತು. ಆ ವರ್ಷ ಶಾಸನವನ್ನು ತಿದ್ದಿ ಹಕ್ಕನ್ನು ವಿಶ್ವವಿದ್ಯಾನಿಲಯಕ್ಕೆ ಕೊಟ್ಟು, ಬಂದ ಹಣದಲ್ಲಿ ನೂರಕ್ಕೆ ೩೦ ಭಾಗವು ಕಂಡುಹಿಡಿದವನಿಗೆಂದು ಗೊತ್ತುಮಾಡಿದರು. ಸ್ವೀಡನ್ನಿನಲ್ಲಿ ಹಕ್ಕು ಇನ್ನೂ ಉಪಾಧ್ಯಾಯನದೇ. ಇಂತಹ ಪೇಟೆಂಟುಗಳಲ್ಲಿ ಹೆಚ್ಚಿನವು ಒಂದು ಕಾಸನ್ನೂ ತರುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಯುಕ್ತ. ಎಷ್ಟೋ ವಿಶ್ವವಿದ್ಯಾನಿಲಯಗಳಲ್ಲಿ ಈ ಕಚೇರಿಗಳು ತಮ್ಮ ಖರ್ಚನ್ನೇ ಸಂಪಾದಿಸಿಕೊಳ್ಳುವುದಿಲ್ಲ.

ಕಾಗದದ ಮಾತು ಬಂದುದರಿಂದ, ವ್ಯಾಕರಣ ಕಲಿಸುತ್ತಿದ್ದ ನನಗೆ ಬಹಳ ಸ್ವಾರಸ್ಯವೆನಿಸಿದ ಒಂದು ವ್ಯಾಜ್ಯವನ್ನು ಹೇಳದಿರಲಾರೆ. ಸ್ಟ್ಯಾನ್‌ಫರ್ಡಿನ ಸಂಶೋಧಕರೊಬ್ಬರು ಸೇವೆಗೆ ಸೇರುವಾಗ, ತಮ್ಮ ಹಕ್ಕನ್ನು ವಿಶ್ವವಿದ್ಯಾನಿಲಯಕ್ಕೆ ವಹಿಸಿಕೊಡಲು ಒಪ್ಪುತ್ತೇನೆಂದು ಬರೆದುಕೊಟ್ಟಿದ್ದರು. ತರುವಾಯ ಸೀಟಸ್ ಎಂಬ ಕಂಪೆನಿಯ ಪ್ರಯೋಗಶಾಲೆಯಲ್ಲಿ ಒಂದು ಕ್ರಮವನ್ನು ಕಲಿಯಲು ಹೋದಾಗ, ಅಲ್ಲಿಯ ಕಾಗದದಲ್ಲಿ ಈ ಮೂಲಕ ವಹಿಸಿಕೊಡುತ್ತೇನೆಂದು ಇದ್ದುದಕ್ಕೆ ರುಜು ಹಾಕಿದರು. ರಕ್ತದಲ್ಲಿ ಏಡ್ಸ್ ರೋಗಾಣುವಿನ ಪ್ರಮಾಣವನ್ನು ಅಳೆಯುವ ಕ್ರಮವು ಮುಂದೆ ಪೇಟೆಂಟಾದಾಗ, ಹಕ್ಕು ಯಾರದೆಂದು ವಿವಾದ ಹುಟ್ಟಿತು. ಮೊದಲನೆಯದು ಮುಂದೆ ಕೊಡುವೆನೆಂಬ ವಾಗ್ದಾನ; ಎರಡನೆಯದು ಆಗಲೇ ಕೊಟ್ಟದ್ದು. ಭವಿಷ್ಯತ್ಕಾಲದ ಮಾತು ವರ್ತಮಾನಕಾಲದ ಮಾತಿಗೆ ಸೋತಿತು! ಕಡೆಗೆ ೨೦೧೧ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ೧೯೮೦ರ ಶಾಸನದಿಂದ ಹಕ್ಕು ತಾನಾಗಿ ವಿಶ್ವವಿದ್ಯಾನಿಲಯಕ್ಕೆ ಸೇರುವುದಿಲ್ಲವೆಂದೂ, ಅದು ಮೊದಲು ಹುಟ್ಟುವುದು ಕಂಡುಹಿಡಿದವನಲ್ಲಿಯೇ ಎಂದೂ ತೀರ್ಪುಕೊಟ್ಟಿತು. ಸಂಸ್ಥೆಯು ಕಾಗದಕ್ಕೆ ರುಜು ಕೇಳುವುದು ಏಕೆಂಬುದು ಇದರಿಂದ ಗೊತ್ತಾಗುತ್ತದೆ. ಹಕ್ಕು ಶಿಷ್ಯನದೇ, ಆದಕಾರಣವೇ ಅವನಿಂದ ಬರೆಯಿಸಿಕೊಳ್ಳಬೇಕಾಗಿದೆ.

ಈಗ ಮೂರನೆಯ ಪಾಲುದಾರನ ಸಂಗತಿಗೆ ಹಿಂದಿರುಗುತ್ತೇನೆ. ಯೇಲ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಪ್ರೂಸಾಫ್ ಎಂಬ ಪ್ರೊಫೆಸರರೂ ಅವರ ಸಹೋದ್ಯೋಗಿಯೂ ಸ್ಟಾವುಡಿನ್ ಎಂಬ ವಸ್ತುವು ಏಡ್ಸ್ ರೋಗಕ್ಕೆ ಮದ್ದಾಗಬಲ್ಲದೆಂದು ತೋರಿಸಿದ್ದರು. ವಿಶ್ವವಿದ್ಯಾನಿಲಯವು ಪೇಟೆಂಟು ಪಡೆದು ಒಂದು ದೊಡ್ಡ ಔಷಧದ ಕಂಪೆನಿಗೆ ಲೈಸೆನ್ಸು ಕೊಟ್ಟಿತು. ಯೇಲಿಗೆ ಬರುತ್ತಿದ್ದ ರಾಯಲ್ಟಿಯಲ್ಲಿ ಬಹುಭಾಗವು ಈ ಒಂದೇ ಔಷಧದ್ದು. ಆ ಹೊತ್ತಿಗೆ ದಕ್ಷಿಣ ಆಫ್ರಿಕದಲ್ಲಿ ಲಕ್ಷಾಂತರ ಜನರು ಅದೇ ರೋಗದಿಂದ ಸಾಯುತ್ತಿದ್ದರು. ಅವರಿಗೆ ಔಷಧದ ಬೆಲೆಯು ಗಗನಕುಸುಮವಾಗಿತ್ತು. ೨೦೦೧ರ ಫೆಬ್ರವರಿಯಲ್ಲಿ ನಮ್ಮ ಮುಂಬಯಿಯ ಸಿಪ್ಲಾ ಕಂಪೆನಿಯು, ಇದನ್ನೂ ಒಳಗೊಂಡ ಮೂರು ಔಷಧಗಳ ಒಂದು ವರ್ಷದ ಚಿಕಿತ್ಸೆಯನ್ನು ಧರ್ಮಾರ್ಥ ವೈದ್ಯರ ಸಂಘಕ್ಕೆ ರೋಗಿಯೊಬ್ಬನಿಗೆ ೩೫೦ ಡಾಲರಿನಂತೆ ಒದಗಿಸುವುದಾಗಿ ಹೇಳಿತು. ದಾರಿಗೆ ಅಡ್ಡವಾಗಿದ್ದುದು ಯೇಲಿನ ಪೇಟೆಂಟು. ವೈದ್ಯರ ಸಂಘವು ವಿಶ್ವವಿದ್ಯಾನಿಲಯಕ್ಕೆ ಪತ್ರ ಬರೆಯಿತು, ವಿದ್ಯಾರ್ಥಿಗಳು ದನಿಗೂಡಿಸಿದರು, ರಾಯಲ್ಟಿಯಲ್ಲಿ ಸ್ವತಃ ಪಾಲುದಾರರಾಗಿದ್ದ ಪ್ರೂಸಾಫರೇ, ತಮ್ಮ ಔಷಧವು ಆಫ್ರಿಕದ ಬಡವರಿಗೆ ಅಗ್ಗವಾಗಿಯೋ ಧರ್ಮಾರ್ಥವಾಗಿಯೋ ಸಿಗಬೇಕೆಂದು ಬಹಿರಂಗವಾಗಿ ಹೇಳಿದರು. ೨೦೦೧ರ ಮಾರ್ಚಿಯಲ್ಲಿ ಕಂಪೆನಿಯು ಬೆಲೆಯನ್ನು ಬಹಳವಾಗಿ ಇಳಿಸಿ, ದಕ್ಷಿಣ ಆಫ್ರಿಕದಲ್ಲಿ ಆ ಪೇಟೆಂಟನ್ನು ಚಲಾಯಿಸುವುದಿಲ್ಲವೆಂದು ಪ್ರಕಟಿಸಿತು. ವಿಸ್ಕಾನ್ಸಿನ್ನಿನ ಮಾರ್ಗರೀನಿನ ಪ್ರಕರಣದಲ್ಲಿ ತಪ್ಪನ್ನು ನ್ಯಾಯಾಲಯವು ಎತ್ತಿ ತೋರಿಸಬೇಕಾಯಿತು. ಇಲ್ಲಿ ಕಂಡುಹಿಡಿದವನ ಮನಸ್ಸಾಕ್ಷಿಯೇ ಮುಂದೆ ಬಂದು ನಿಂತಿತು.

ನಮ್ಮ ದೇಶದ ಸ್ಥಿತಿಯನ್ನೂ ಎರಡು ಮಾತಿನಲ್ಲಿ ಹೇಳುವೆನು. ಅಮೆರಿಕದ ಶಾಸನವನ್ನು ಹೋಲುವ ಮಸೂದೆಯೊಂದನ್ನು ೨೦೦೮ರ ಡಿಸೆಂಬರಿನಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ್ದರು. ಕಂಡುಹಿಡಿದವನಿಗೆ ನೂರಕ್ಕೆ ೩೦ಕ್ಕೆ ಕಡಮೆಯಿಲ್ಲದಂತೆ ಪಾಲಿರಬೇಕೆಂದು ಅದರಲ್ಲಿತ್ತು. ಅದು ಶಾಸನವಾಗದೆ ೨೦೧೪ರಲ್ಲಿ ಹಿಂದಕ್ಕೆ ಹೋಯಿತು. ಆದ್ದರಿಂದ ಪಾಲಿನ ಪ್ರಮಾಣವನ್ನು ಆಯಾ ಸಂಸ್ಥೆಯ ನಿಬಂಧನೆಗಳೇ ಗೊತ್ತುಮಾಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಂತಹ ದೊಡ್ಡ ಸಂಸ್ಥೆಗಳಲ್ಲಿ ಇದಕ್ಕಾಗಿಯೇ ಕಚೇರಿಗಳಿವೆ. ೨೦೨೧ರಿಂದ ವಿದ್ಯಾಸಂಸ್ಥೆಗಳಿಗೆ ಪೇಟೆಂಟಿನ ಸರ್ಕಾರಿ ಶುಲ್ಕದಲ್ಲಿ ನೂರಕ್ಕೆ ೮೦ರಷ್ಟು ರಿಯಾಯಿತಿಯೂ ದೊರೆತಿದೆ. ಪ್ರಜೆಯ ಪಾಲನ್ನು ನಮ್ಮ ೧೯೭೦ರ ಪೇಟೆಂಟು ಶಾಸನವು ಮರೆತಿಲ್ಲವೆಂಬುದು ಸಮಾಧಾನದ ಸಂಗತಿ. ೨೦೧೨ರಲ್ಲಿ ಕ್ಯಾನ್ಸರಿನ ಔಷಧವೊಂದರ ವಿಷಯದಲ್ಲಿ ಅದು ಪ್ರಯೋಗಕ್ಕೆ ಬಂದಿತು. ಆ ಪೇಟೆಂಟು ವಿಶ್ವವಿದ್ಯಾನಿಲಯದ್ದಲ್ಲ, ಒಂದು ವಿದೇಶೀ ಕಂಪೆನಿಯದು. ತಿಂಗಳಿಗೆ ಸುಮಾರು ೨,೮೦,೦೦೦ ರೂಪಾಯಿಯಾಗುತ್ತಿದ್ದ ಔಷಧವನ್ನು ೮,೮೮೦ ರೂಪಾಯಿಗೆ ಮೀರದಂತೆ ಮಾರಲು ಮತ್ತೊಬ್ಬ ತಯಾರಕನಿಗೆ ಪೇಟೆಂಟಿನ ಅಧಿಕಾರಿಗಳು ಅಪ್ಪಣೆ ಕೊಟ್ಟು, ಹಕ್ಕುದಾರನಿಗೂ ರಾಯಲ್ಟಿ ಸಲ್ಲುವಂತೆ ಏರ್ಪಡಿಸಿದರು.

ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಬರುವ ಕೌತ್ಸನ ಕಥೆಯನ್ನು ಅನೇಕರು ಕೇಳಿರಬಹುದು. ಗುರು ವರತಂತುವು ಬೇಡವೆಂದರೂ ದಕ್ಷಿಣೆ ಕೊಡುವೆನೆಂದು ಶಿಷ್ಯನು ಹಟ ಹಿಡಿದಾಗ, ಕಲಿಸಿದ ೧೪ ವಿದ್ಯೆಗಳಿಗೆ ೧೪ ಕೋಟಿ ತಾ ಎಂದು ಗುರುವು ಕೋಪದಿಂದ ಹೇಳಿದನು. ಯಜ್ಞದಲ್ಲಿ ಸರ್ವಸ್ವವನ್ನೂ ದಾನಮಾಡಿ ಮಣ್ಣಿನ ಪಾತ್ರೆ ಹಿಡಿದಿದ್ದ ರಘುವಿನ ಬೊಕ್ಕಸದಲ್ಲಿ ಕುಬೇರನು ಚಿನ್ನದ ಮಳೆ ಸುರಿಸಿದನು. ರಘುವು ಎಲ್ಲವನ್ನೂ ತೆಗೆದುಕೊ ಎಂದರೆ, ಕೌತ್ಸನು ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಕಾಸನ್ನೂ ಹೆಚ್ಚಾಗಿ ಮುಟ್ಟಲಿಲ್ಲ. ಕೊಡುವವನೂ ಕೊಳ್ಳುವವನೂ ಇಬ್ಬರೂ ಅಯೋಧ್ಯೆಯ ಜನರಿಗೆ ವಂದ್ಯರಾದರು. ವಿದ್ಯೆಗೆ ಹಣದ ಸ್ಪರ್ಶವೇ ಕೂಡದೆಂದು ಈ ಕಥೆ ಹೇಳುವುದಿಲ್ಲ. ಯಾರ ಕೈಯಲ್ಲಿ ಎಷ್ಟು ನಿಲ್ಲಬೇಕೆಂಬುದನ್ನು ಹೇಳುತ್ತದೆ.

ಮೊನ್ನೆ ಆ ತಂದೆಮಕ್ಕಳು ಪುನಃ ಬಂದರು. ತಂದೆಗೆ ನಾನು ಹೇಳಿದ್ದಿಷ್ಟು: ಹಕ್ಕನ್ನು ಹಿಡಿಯುವುದು ವಿದ್ಯಾವಿಕ್ರಯವಲ್ಲ, ಹಿಡಿಯದೆ ಬಿಟ್ಟರೆ ಹಿಡಿಯುವ ಕೈ ಬೇರೊಂದಿರುತ್ತದೆ. ಮಗನಿಗೆ ಹೇಳಿದ್ದು: ರುಜು ಹಾಕುವ ಮುಂಚೆ ಕಾಗದವನ್ನು ಪೂರ್ತಿಯಾಗಿ ಓದು, ಪಾಲು ಒಟ್ಟು ಹಣದ ಮೇಲೋ ನಿವ್ವಳದ ಮೇಲೋ ಕೇಳು, ಬೇರೆ ಕಂಪೆನಿಗೆ ಹೋದಾಗ ಅಲ್ಲಿಯ ಕಾಗದವನ್ನು ಸಂಸ್ಥೆಗೆ ತೋರಿಸದೆ ರುಜು ಮಾಡಬೇಡ, ಅರ್ಜಿ ಸಲ್ಲುವುದಕ್ಕೆ ಮುಂಚೆ ಸಭೆಯಲ್ಲಾಗಲಿ ಪತ್ರಿಕೆಯಲ್ಲಾಗಲಿ ಗುಟ್ಟನ್ನು ಪ್ರಕಟಿಸಬೇಡ. ಇಷ್ಟೂ ನಿನ್ನ ಪಾಲಿನ ಮಾತಾಯಿತು. ಇನ್ನೊಂದನ್ನೂ ಕೇಳು. ನಾಳೆ ನಿನ್ನ ಔಷಧಕ್ಕೆ ಲೈಸೆನ್ಸು ಕೊಡುವ ದಿನ, ಬಡವನಿಗೆ ಇದು ಯಾವ ಬೆಲೆಗೆ ಸಿಗುವುದೆಂಬ ಮಾತನ್ನು ಕರಾರಿನಲ್ಲಿಯೇ ಬರೆಯಿಸಬೇಕೆಂದು ಒತ್ತಿ ಹೇಳು. ಅಲ್ಲಿ ಅವನ ಪರವಾಗಿ ಕೇಳುವುದಕ್ಕೆ ನಿನ್ನ ಹೊರತು ಯಾರೂ ಇರುವುದಿಲ್ಲ.

ಹುಡುಗನು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಮನೆಗೆ ಹೋಗಿ ಇನ್ನೊಮ್ಮೆ ಓದುವುದಾಗಿ ಹೇಳಿ ನಮಸ್ಕರಿಸಿ ಹೊರಟನು. ತಂದೆಯವರು ಮಾತ್ರ ಬಾಗಿಲಿನ ಬಳಿ ನಿಂತು, ಬಡವನ ಬೆಲೆಯ ಮಾತನ್ನು ಮೊದಲು ಬರೆಯಿಸಿ ಆಮೇಲೆ ಪಾಲಿನ ಮಾತನ್ನು ಬರೆಯಿಸಬಾರದೆ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡತಕ್ಕವರು ವಿಶ್ವವಿದ್ಯಾನಿಲಯಗಳನ್ನು ನಡೆಸತಕ್ಕ ಮಹನೀಯರು.